ಯುವಿಯೈಟಿಸ್ ಕಣ್ಣಿನ ಪೊರೆ: 3 ತಿಂಗಳು ಯಾಕೆ ಕಾಯಿಸಬೇಕು

ವಿಜಯಪುರ, ಬಾಗಲಕೋಟೆ ಕಡೆಯ ಪೇಷಂಟ್‌ಗಳು ಕೇಳುವುದು ಒಂದೇ ಮಾತು: "ಸರ, ಪರದಿ ಬಂದೈತಿ, ಲಗೂ ತಗದ್ ಬಿಡ್ರಿ." ವಯಸ್ಸಿನ ಪೊರೆಯಾದರೆ ಸರಿ. ಯುವಿಯೈಟಿಸ್‌ನಿಂದ, ಅಂದರೆ ಕಣ್ಣಿನೊಳಗಿನ ಉರಿಯೂತದಿಂದ ಬಂದ ಪೊರೆಗೆ ಅವಸರ ಮಾಡಿದರೆ ಆಪರೇಷನ್ ಆದ ಮೇಲೆ ಕಣ್ಣು ಮತ್ತೆ ಕೆರಳುತ್ತದೆ.

ಕಣ್ಣು ಕನಿಷ್ಠ 3 ತಿಂಗಳು ಶಾಂತವಾಗಿರಬೇಕು. ಕೆಂಪಿಲ್ಲ, ನೋವಿಲ್ಲ ಅಂದರೆ ಸಾಲದು. ಕೋಣೆ ಕತ್ತಲು ಮಾಡಿ, ಸ್ಲಿಟ್ ಲ್ಯಾಂಪಿನ (ಕಣ್ಣು ನೋಡುವ ಸೂಕ್ಷ್ಮದರ್ಶಕದ) ಬೆಳಕನ್ನು 1 ಮಿ.ಮೀ. ಉದ್ದ, 1 ಮಿ.ಮೀ. ಅಗಲಕ್ಕೆ ಇಳಿಸಿ ಓರೆಯಾಗಿ ಬಿಡಿ. ಮಾಡಿನ ಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳು ತೇಲಿದ ಹಾಗೆ ಉರಿಯೂತದ ಕೋಶಗಳು ಕಾಣುತ್ತವೆ. ಅವನ್ನು ಎಣಿಸಬೇಕು. 1ರಿಂದ 5 ಕಂಡರೂ ಅದು ಶಾಂತ ಕಣ್ಣಲ್ಲ.

ಇದಕ್ಕೊಂದು ಅಪವಾದವಿದೆ. ಪೂರ್ತಿ ಬಲಿತ ಪೊರೆ ಸೋರಿ, ಅದರಿಂದಲೇ ಉರಿಯೂತ, ಕಣ್ಣಿನ ಒತ್ತಡ ಏರಿದ್ದರೆ ಕಾಯಬೇಡಿ. ಒತ್ತಡ ಇಳಿಸಿ ಬೇಗ ತೆಗೆಯಿರಿ. ಅಲ್ಲಿ ಪೊರೆಯೇ ರೋಗ.

ಉರಿಯೂತ ಇಳಿಸಲು ಸ್ಟಿರಾಯ್ಡ್ ಮಾತ್ರೆ ಶುರು ಮಾಡುವ ಮೊದಲು ಶುಗರ್, ಎದೆಯ ಎಕ್ಸ್‌ರೇ, ಮಾಂಟೂ (ಟಿಬಿಯ ಚರ್ಮ ಪರೀಕ್ಷೆ) ನೋಡಿಕೊಳ್ಳಿ. ನಮ್ಮಲ್ಲಿ ಟಿಬಿ ಮರೆತರೆ ಆಗದು.

ಟೇಬಲ್ ಮೇಲೆ ಕಷ್ಟ ಕೊಡುವುದು ಪಾಪೆ. ಐರಿಸ್ (ಪಾಪೆ ಸುತ್ತಲಿನ ಬಣ್ಣದ ಪರದೆ) ಲೆನ್ಸಿಗೆ ಅಂಟಿರುತ್ತದೆ, ಪಾಪೆ ಹಿಗ್ಗಿಸುವ ಹನಿ ಹಾಕಿದರೂ ತೆರೆಯುವುದಿಲ್ಲ. ಐರಿಸ್ ಕೆಳಗೆ ವಿಸ್ಕೋ (ಜಾಗ ಮಾಡಿಕೊಡುವ ಲೋಳೆ ದ್ರವ) ತುಂಬಿ, ಸ್ಪ್ಯಾಟುಲಾದಿಂದ ಮೆಲ್ಲಗೆ ಬಿಡಿಸಿ, ಬೇಕಾದರೆ 4 ಐರಿಸ್ ಹುಕ್ ಹಾಕಿ. ಒಮ್ಮೆಗೇ ಜಗ್ಗಬೇಡಿ. 5 ಮಿ.ಮೀ. ತೆರೆದರೆ ಕೆಲಸ ನಡೆಯುತ್ತದೆ. ಅತಿಯಾಗಿ ಜಗ್ಗಿದರೆ ಅಂಚಿನ ಸ್ನಾಯು ಹರಿದು ರಕ್ತ ಬರುತ್ತದೆ, ಆ ಪಾಪೆ ಮುಂದೆ ಸರಿಯಾಗಿ ಕುಗ್ಗುವುದಿಲ್ಲ. ಕ್ಯಾಪ್ಸೂಲಿನಲ್ಲಿ, ಅಂದರೆ ಲೆನ್ಸಿನ ಚೀಲದಲ್ಲಿ, ಮಾಡುವ ಕಿಂಡಿ ತೀರಾ ಚಿಕ್ಕದಾದರೆ ಆಮೇಲೆ ಮುದುಡುತ್ತದೆ. ಕಾರ್ಟೆಕ್ಸ್ (ಪೊರೆಯ ಹೊರಪದರದ ಮೆತ್ತನೆ ಭಾಗ) ಚೂರೂ ಉಳಿಸದೆ ತೆಗೆದು, ಅಕ್ರಿಲಿಕ್ ಲೆನ್ಸನ್ನು ಚೀಲದೊಳಗೇ ಕೂರಿಸಿ. ಚೀಲದ ಹೊರಗೆ ಕೂತ ಸಿಂಗಲ್ ಪೀಸ್ ಲೆನ್ಸ್ ಐರಿಸ್‌ಗೆ ಉಜ್ಜಿ ಉರಿಯೂತ ಎಬ್ಬಿಸುತ್ತದೆ.

ದೃಷ್ಟಿ ಎಷ್ಟು ಬರುತ್ತದೆ ಎಂಬುದನ್ನು ನಿರ್ಧರಿಸುವುದು ಮ್ಯಾಕುಲಾ (ಅಕ್ಷಿಪಟಲದ ನಡುಭಾಗ) ಮತ್ತು ಕಣ್ಣಿನ ನರ. ಅಲ್ಲಿ ಕಲೆ ಬಿದ್ದಿದ್ದರೆ ಎಷ್ಟೇ ಚಂದದ ಆಪರೇಷನ್ ಆದರೂ ಓದುವ ದೃಷ್ಟಿ ಬರುವುದಿಲ್ಲ. ಇದನ್ನು ಸಹಿ ಹಾಕಿಸುವ ಮೊದಲು ಮನೆಯವರ ಎದುರಿಗೇ ಹೇಳಿ.

ಆಪರೇಷನ್ ಆದ ಮೇಲೆ ಹಾಕುವ ಸ್ಟಿರಾಯ್ಡ್ ಹನಿ ಪ್ರೆಡ್ನಿಸೊಲೋನ್ ಅಸಿಟೇಟ್‌ನ ಬಾಟಲಿ ಚೆನ್ನಾಗಿ ಕುಲುಕದಿದ್ದರೆ ಔಷಧ ತಳದಲ್ಲೇ ಕೂರುತ್ತದೆ, ಕಣ್ಣಿಗೆ ಬೀಳುವುದು ಬರೀ ನೀರು. ಡಿಸ್ಚಾರ್ಜ್ ಹೊತ್ತಿಗೆ ಅವರ ಕೈಯಿಂದಲೇ ಕುಲುಕಿಸಿ ನೋಡಿ. ಹನಿಯನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು, ತಟ್ಟನೆ ನಿಲ್ಲಿಸುವಂತಿಲ್ಲ.

ಮೊದಲ ವಾರ ಚೆನ್ನಾಗಿ ಕಂಡು, 4ರಿಂದ 6ನೇ ವಾರದಲ್ಲಿ ಅಕ್ಷರ ಮಸುಕಾದರೆ ಮ್ಯಾಕುಲಾದಲ್ಲಿ ನೀರು ತುಂಬಿರಬಹುದು. ಕನ್ನಡಕ ಬರೆಯುವ ಮೊದಲು ಓಸಿಟಿ (ಅಕ್ಷಿಪಟಲದ ಪದರಗಳ ಸ್ಕ್ಯಾನ್) ಮಾಡಿಸಿ. ಕಬ್ಬಿನ ಕಟಾವಿದ್ದರೆ ಆ ವಾರ ಅವರು ಬರುವುದಿಲ್ಲ. ಅದಕ್ಕೇ ತಾರೀಖನ್ನು ಕಟಾವು ಕೇಳಿಕೊಂಡೇ ಬರೆದುಕೊಡಿ.