ಗದ್ಯಭಾಗದ ಉತ್ತರಕ್ಕೆ ಆಧಾರ ಯಾವ ವಾಕ್ಯ?

ಮೂಡಿಗೆರೆ, ಸಕಲೇಶಪುರ ಕಡೆಯ ಮಕ್ಕಳಿಗೆ ಕಾಫಿಯ ಬಗ್ಗೆ ಗದ್ಯಭಾಗ ಕೊಟ್ಟರೆ ಸುಲಭ ಅನ್ನಿಸುತ್ತದೆ. ಎಡವುವುದೂ ಅಲ್ಲೇ. ತೋಟದಲ್ಲಿ ಕಂಡದ್ದನ್ನೆಲ್ಲ ಬರೆದು, ಮುಂದಿರುವ ಗದ್ಯದಲ್ಲಿ ಏನಿದೆ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ತರಗತಿಯಲ್ಲಿ ಈ ನಾಲ್ಕು ವಾಕ್ಯ ಕೊಟ್ಟು ನೋಡಿ (ಹೂಮಳೆ ಎಂದರೆ ಕಾಫಿ ಹೂ ಅರಳಿಸುವ ಮಳೆ):

“ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಗಿಡ ಹೂ ಬಿಡುತ್ತದೆ. ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಎರಡು-ಮೂರು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ.”

ಪ್ರಶ್ನೆ: ಹೂ ಚೆನ್ನಾಗಿ ಅರಳಿದರೂ ಬೆಳೆಗಾರರಿಗೆ ನೆಮ್ಮದಿಯಿಲ್ಲ, ಏಕೆ?

“ಕಾಂಡಕೊರಕ ಹುಳುವಿನ ಕಾಟ” ಎಂದು ಬರೆದರೆ ತೋಟದಲ್ಲಿ ಅದು ನಿಜ. ಆದರೆ ಈ ಗದ್ಯದಲ್ಲಿ ಆ ಮಾತೇ ಇಲ್ಲ, ಹಾಗಾಗಿ ಅಂಕವೂ ಇಲ್ಲ. ಇನ್ನು ಕೆಲವರು ಮೊದಲನೆಯ ವಾಕ್ಯವನ್ನು ಎತ್ತಿ ಬರೆಯುತ್ತಾರೆ. ಪ್ರಶ್ನೆಯಲ್ಲೂ ‘ಹೂ’ ಇದೆ, ವಾಕ್ಯದಲ್ಲೂ ‘ಹೂ’ ಇದೆ, ಅಷ್ಟೇ ಕಾರಣ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ, ಏಕೆಂದರೆ ನೋಡುವವರಿಗೆ ಸರಿಯಾಗಿಯೇ ಕಾಣುತ್ತದೆ. ಆರಿಸಿದ ವಾಕ್ಯಕ್ಕೆ ಪ್ರಶ್ನೆಯ ‘ಏಕೆ’ಯನ್ನೇ ಕೇಳಿಸಿ. ಮೊದಲ ವಾಕ್ಯ ‘ಯಾವಾಗ’ ಎಂಬುದಕ್ಕೆ ಉತ್ತರ ಕೊಡುತ್ತದೆ. ‘ಏಕೆ’ಗೆ ಉತ್ತರವಿರುವುದು ಮೂರನೆಯದರಲ್ಲಿ ಮಾತ್ರ.

ಬರೆಯುವಾಗ ಉತ್ತರ ಮೊದಲು, ಸ್ವಂತ ಮಾತಿನಲ್ಲಿ: ಹೂ ಬಂದ ಮಾತ್ರಕ್ಕೆ ಫಸಲು ಖಚಿತವಲ್ಲ. ನಂತರ ಆಧಾರ, ಉದ್ಧರಣ ಚಿಹ್ನೆಯೊಳಗೆ: “ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ.” ಕೊನೆಗೆ ಎರಡನ್ನೂ ಬೆಸೆಯುವ ಒಂದು ವಾಕ್ಯ: ಆ ಎರಡನೆಯ ಮಳೆ ಬರುವವರೆಗೂ ಬೆಳೆಗಾರರು ಕಾಯಲೇಬೇಕು. ಈ ಬೆಸುಗೆಯನ್ನೇ ಹೆಚ್ಚಿನವರು ಬಿಡುತ್ತಾರೆ. ಆಗ ಉದ್ಧರಿಸಿದ ಸಾಲು ಸುಮ್ಮನೆ ನಕಲು ಮಾಡಿದ ಹಾಗಿರುತ್ತದೆ.

ಸಾಲನ್ನು ಮೊಟಕು ಮಾಡಬಹುದು, ಆದರೆ ಕ್ರಿಯಾಪದ ತಲುಪುವವರೆಗೆ ನಿಲ್ಲಿಸಬಾರದು. ಕನ್ನಡದಲ್ಲಿ ‘ಇಲ್ಲ’, ‘ದಿದ್ದರೆ’ ಬರುವುದು ಕೊನೆಯಲ್ಲಿ. “ಇನ್ನೊಂದು ಮಳೆ” ಎಂದಷ್ಟೇ ಕತ್ತರಿಸಿದರೆ ಮಳೆ ಬಂತೋ ಇಲ್ಲವೋ ಗೊತ್ತಾಗದು.

ನೇರವಾಗಿ ಹೇಳದ್ದನ್ನು ಕೇಳಿದಾಗ ಒಂದು ವಾಕ್ಯ ಸಾಲದು. ‘ಕೆರೆಯಿಲ್ಲದ ತೋಟದವರ ಸ್ಥಿತಿ ಏನಾಗಬಹುದು?’ ಎಂಬ ಪ್ರಶ್ನೆಗೆ ಮೂರನೆಯ, ನಾಲ್ಕನೆಯ ವಾಕ್ಯ ಎರಡೂ ಬೇಕು. ಮಳೆ ಕೈಕೊಟ್ಟರೆ ಅವರಿಗೆ ಕಾಯಿ ಕಡಿಮೆಯಾಗಬಹುದು ಎನ್ನುವವರೆಗೆ ಈ ಎರಡೂ ಒಪ್ಪುತ್ತವೆ. ಸಾಲ ಮಾಡುತ್ತಾರೆ, ತೋಟ ಮಾರುತ್ತಾರೆ ಎಂದರೆ ಗದ್ಯ ಅಷ್ಟು ದೂರ ಬರುವುದಿಲ್ಲ.