ಜೊಕೊಂಡಾ ದೆ ವೀಟೊ ಯಾಕೆ ಪಿಟೀಲು ಬಿಟ್ಟರು?

ಜೊಕೊಂಡಾ ದೆ ವೀಟೊ ಇಟಲಿಯ ಪಿಟೀಲು ವಾದಕಿ. ನನಗೆ ಅವರ ಹುಚ್ಚು. ಮನೆಗೆ ಬಂದವರಿಗೆಲ್ಲ ಅವರ ರೆಕಾರ್ಡಿಂಗ್ ಕೇಳಿಸುತ್ತೇನೆ. ಕೇಳಿದವರೆಲ್ಲ ಒಂದೇ ಪ್ರಶ್ನೆ ಹಾಕುತ್ತಾರೆ: ‘ಇಷ್ಟು ಚೆನ್ನಾಗಿ ನುಡಿಸುತ್ತಿದ್ದವರು ಯಾಕೆ ಅಷ್ಟು ಬೇಗ ನಿಲ್ಲಿಸಿಬಿಟ್ಟರು?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಅವರಿಗೆ ಸಾಕು ಅನಿಸಿತು. ಮುಟ್ಟಬೇಕಾದ ಎತ್ತರ ಮುಟ್ಟಿ ಆಯಿತು ಅನಿಸಿತು. 1961ರಲ್ಲಿ, ಸುಮಾರು 54ರ ವಯಸ್ಸಿನಲ್ಲಿ, ನಿಲ್ಲಿಸಿದರು. ಕಛೇರಿ ಮಾತ್ರ ಅಲ್ಲ, ಪಾಠ ಹೇಳುವುದನ್ನೂ ಬಿಟ್ಟರು. ಉತ್ತರ ಇಷ್ಟೇ.

ಆದರೆ ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ. ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಳ್ಳದೆಯೇ ತೀರ್ಪು ಕೊಟ್ಟರು: ‘ಗಂಡ ಬಿಡಿಸಿರ್ತಾನೆ, ಬಿಡಮ್ಮಾ.’ ನನಗೆ ಎಷ್ಟು ಸಿಟ್ಟು ಬಂತೆಂದರೆ ಎಲೆಯ ಮೇಲೆ ಬಿದ್ದ ಹೋಳಿಗೆ ಹಾಗೇ ಉಳಿಯಿತು. ಬಡಿಸುವವರು ಬಂದು ‘ಯಾಕಮ್ಮಾ, ಸಿಹಿ ಜಾಸ್ತಿ ಆಯ್ತಾ?’ ಅಂತ ಕೇಳಿದರು.

ಆ ಗಂಡನ ಹೆಸರು ಡೇವಿಡ್ ಬಿಕ್ನೆಲ್. ಇಎಂಐ ಅನ್ನುವ ಸಂಗೀತದ ರೆಕಾರ್ಡ್ ಕಂಪನಿಯಲ್ಲಿ ರೆಕಾರ್ಡ್ ಮಾಡಿಸುವ ಕೆಲಸ ಅವರದು. ಹೆಂಡತಿಯ ಪಿಟೀಲು ನಾಲ್ಕು ಜನಕ್ಕೆ ತಲುಪಲಿ ಅನ್ನುವುದೇ ಅವರ ವೃತ್ತಿ. ಮದುವೆ ಆದದ್ದು 1949ರಲ್ಲಿ. ಅದಾದ ಮೇಲೆ ಹನ್ನೆರಡು ವರ್ಷ ನುಡಿಸಿದ್ದಾರೆ. ನಾನು ಪ್ರಾಣಕ್ಕಿಂತ ಹೆಚ್ಚಾಗಿ ಇಟ್ಟುಕೊಂಡಿರುವ ರೆಕಾರ್ಡಿಂಗ್‌ಗಳೆಲ್ಲ ಮದುವೆ ಆದಮೇಲಿನವೇ. ಲೆಕ್ಕ ನೋಡದೆ ಸುಮ್ನೆ ಗಂಡನ ತಲೆಗೆ ಕಟ್ಟಿದರೆ ಹೇಗೆ? ಅದಕ್ಕಿಂತ ನೋವಾಗುವುದು ಇನ್ನೊಂದು. ಒಬ್ಬ ಹೆಂಗಸು ತಾನೇ ಯೋಚಿಸಿ, ತಾನೇ ನಿರ್ಧಾರ ಮಾಡಿ ನಿಲ್ಲಿಸಿರಬಹುದು ಅನ್ನುವುದು ಯಾರ ತಲೆಗೂ ಮೊದಲು ಹೊಳೆಯುವುದಿಲ್ಲ.

ಯಾಕೆ ಬಿಟ್ಟರು ಅಂತ ಕೇಳುವವರು, ಹೇಗೆ ನುಡಿಸುತ್ತಿದ್ದರು ಅಂತ ಯಾಕೆ ಕೇಳುವುದಿಲ್ಲ? ದಕ್ಷಿಣ ಇಟಲಿಯ ಮಾರ್ತೀನಾ ಫ್ರಾಂಕಾದಲ್ಲಿ 1907ರಲ್ಲಿ ಹುಟ್ಟಿದ ಹುಡುಗಿ. ಪೆಸಾರೊದಲ್ಲಿ ಕಲಿತು, 1932ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸ್ಪರ್ಧೆ ಗೆದ್ದರು. ಲಂಡನ್ನಿನವರು ಅವರನ್ನು ಕೇಳುವ ಹೊತ್ತಿಗೆ ಯುದ್ಧ ಮುಗಿದು 1948 ಆಗಿತ್ತು, ಅವರಿಗೆ ನಲವತ್ತು ದಾಟಿತ್ತು. ಬಾಕ್, ಬೀಥೋವನ್, ಬ್ರಾಮ್ಸ್ ಅಂತ ಕೆಲವೇ ಸಂಗೀತ ರಚನೆಕಾರರನ್ನು ಹಿಡಿದುಕೊಂಡು ಅವರಲ್ಲೇ ಆಳಕ್ಕೆ ಇಳಿದವರು ಅವರು. ಅದರಲ್ಲೂ ಬ್ರಾಮ್ಸ್.

1952ರಲ್ಲಿ ಟುರಿನ್‌ನಲ್ಲಿ, ವಾದ್ಯವೃಂದ ನಡೆಸುತ್ತಿದ್ದ ಫುರ್ಟ್‌ವೆಂಗ್ಲರ್ ಜೊತೆ ನುಡಿಸಿದ ಬ್ರಾಮ್ಸ್ ಕನ್ಚರ್ಟೊ, ಅಂದರೆ ಪಿಟೀಲಿಗೂ ವಾದ್ಯವೃಂದಕ್ಕೂ ಬರೆದ ಕೃತಿ, ಕೇಳಿ. ಸಭೆಯ ಮುಂದೆ ನುಡಿಸಿದ್ದು, ಧ್ವನಿ ಅಷ್ಟು ಚೊಕ್ಕವಾಗಿಲ್ಲ. ಇರಲಿ. ಎರಡನೇ ಭಾಗ ಶುರುವಾದಾಗ ಪಿಟೀಲು ನುಡಿಯುವುದೇ ಇಲ್ಲ. ಇಡೀ ರಾಗವನ್ನು ಮೊದಲು ಓಬೊ ಅನ್ನುವ ಊದುವ ವಾದ್ಯ ಹಾಡುತ್ತದೆ. ಪಿಟೀಲಿನವರು ಕೈಕಟ್ಟಿ ನಿಂತಿರಬೇಕು. ಇದೇ ಕಾರಣಕ್ಕೆ ಸರಸಾಟೆಯಂಥ ದೊಡ್ಡ ವಾದಕರು ಈ ಕೃತಿಯ ಮೇಲೆ ಮುನಿಸಿಕೊಂಡಿದ್ದರು. ದೆ ವೀಟೊ ಅವರಿಗೆ ಅಂಥ ಮುನಿಸು ಇರುವಂತೆ ಕೇಳಿಸುವುದಿಲ್ಲ. ಓಬೊ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಅದೇ ಮಾತಿಗೆ ತಮ್ಮ ಮಾತು ಸೇರಿಸಿದಂತೆ ಒಳಗೆ ಬರುತ್ತಾರೆ. ಅವಸರ ಇಲ್ಲ, ತೋರಿಕೆ ಇಲ್ಲ. ಬಿಲ್ಲು ತಂತಿಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟೂ ಹೊತ್ತು ನಿಲ್ಲುತ್ತದೆ.

ಕನ್ಚರ್ಟೊ ಉದ್ದವಾಯಿತು ಅನಿಸಿದರೆ, ಪಿಟೀಲು ಮತ್ತು ಪಿಯಾನೊ ಎರಡಕ್ಕೇ ಬರೆದ ಬ್ರಾಮ್ಸ್ ಸೊನಾಟಾಗಳಿವೆ. ಒಂದನೆಯದು, ಮೂರನೆಯದು ಎಡ್ವಿನ್ ಫಿಶರ್ ಪಿಯಾನೊ ಜೊತೆ. ಎರಡನೆಯದು ಟೀಟೊ ಆಪ್ರೆಯಾ ಜೊತೆ. ಒಂದನೆಯದರಿಂದಲೇ ಶುರು ಮಾಡಿ. ನನ್ನ ಮನೆಗೆ ಬಂದರೆ ಅದನ್ನೇ ಮೊದಲು ಹಾಕುತ್ತೇನೆ.