ಮಗನಿಗೆ ಬರೆದುಕೊಟ್ಟ ಮನೆ ವಾಪಸ್ ಬರುತ್ತದಾ?

"ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟಾಯಿತು. ಈಗ ಹೊತ್ತಿಗೆ ಸರಿಯಾಗಿ ಊಟ ಹಾಕುವವರಿಲ್ಲ. ರದ್ದು ಮಾಡಿಸಬಹುದಾ?" ಹಿರಿಯರ ಕಾನೂನಿನ ಮಾತು ಬಂದಾಗಲೆಲ್ಲ ಮೊದಲು ಎದುರಾಗುವ ಪ್ರಶ್ನೆ ಇದು. ಕೆಲವೊಮ್ಮೆ ತಂದೆ ತಾಯಿಯೇ ಕೇಳುತ್ತಾರೆ, ಎಷ್ಟೋ ಸಲ ಮದುವೆಯಾಗಿ ಬೇರೆ ಊರಿನಲ್ಲಿರುವ ಹೆಣ್ಣುಮಕ್ಕಳು ಕೇಳುತ್ತಾರೆ.

ಬರಬಹುದು. ಆದರೆ ಮಗ ಎಷ್ಟು ಕೆಟ್ಟವನು ಎಂಬುದಕ್ಕಿಂತ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಇದು ನಿಂತಿದೆ. ಹಾಗಾಗಿ ಮೊದಲು ಪತ್ರ ತೆಗೆದು ಓದಿ. ಮೂಲ ಪ್ರತಿ ಮಗನ ಬೀರುವಿನಲ್ಲಿದ್ದರೂ ಪರವಾಗಿಲ್ಲ, ನೋಂದಣಿಯಾದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಸಿಗುತ್ತದೆ. ಜೊತೆಗೆ ಆಸ್ತಿಯ ಇ.ಸಿ.ಯನ್ನೂ (ಮಾರಾಟ, ಅಡಮಾನ ತೋರಿಸುವ ಋಣಭಾರ ಪತ್ರ) ಇವತ್ತಿನ ತಾರೀಖಿನವರೆಗೆ ತೆಗೆಸಿ. ಯಾಕೆಂದು ಮುಂದೆ ಹೇಳುತ್ತೇನೆ.

ಇದಕ್ಕೆ ಅನ್ವಯವಾಗುವುದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯ ಕಲಂ 23. ಕರ್ನಾಟಕದಲ್ಲಿ ಈ ಕಾಯ್ದೆ ಜಾರಿಗೆ ಬಂದದ್ದು 2008ರ ಏಪ್ರಿಲ್ 1ರಂದು. ಅದಕ್ಕಿಂತ ಹಿಂದಿನ ಪತ್ರಗಳಿಗೆ ಕಲಂ 23 ಸಿಗುವುದಿಲ್ಲ. ಬರೆದುಕೊಟ್ಟವರು ಹಿರಿಯ ನಾಗರಿಕರು, ಅಂದರೆ 60 ತುಂಬಿದವರು ಆಗಿರಬೇಕು. ಆಮೇಲೆ ಮೂರನೆಯದು, ಎಲ್ಲರೂ ಎಡವುವುದು ಇಲ್ಲೇ: ಪಡೆದವರು ಕೊಟ್ಟವರ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿರಬೇಕು. ಆ ಷರತ್ತು ಇದ್ದು, ಅದಕ್ಕೆ ಅವರು ತಪ್ಪಿದರೆ, ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಆದದ್ದು ಎಂದೇ ಕಾನೂನು ಭಾವಿಸುತ್ತದೆ. ಕೊಟ್ಟವರು ಬಯಸಿದರೆ ನ್ಯಾಯಮಂಡಳಿ ಅದನ್ನು ಅಸಿಂಧು ಎಂದು ಘೋಷಿಸಬಹುದು.

ನಮ್ಮ ಪತ್ರಬರಹಗಾರರು ಸಾಮಾನ್ಯವಾಗಿ ಏನು ಬರೆಯುತ್ತಾರೆ ನೋಡಿ: "ನೀವು ನನ್ನ ಮಗನಾಗಿದ್ದು, ನನ್ನನ್ನು ಪ್ರೀತಿ ವಿಶ್ವಾಸದಿಂದ ನೋಡಿಕೊಂಡು ಬರುತ್ತಿರುವುದರಿಂದ, ಈ ಷೆಡ್ಯೂಲ್ ಸ್ವತ್ತನ್ನು ನಿಮಗೆ ದಾನವಾಗಿ ಕೊಟ್ಟು ಈ ದಿನವೇ ಸ್ವಾಧೀನ ಬಿಟ್ಟುಕೊಟ್ಟಿರುತ್ತೇನೆ. ಇನ್ನು ಮುಂದೆ ನೀವು ನಿಮ್ಮ ಪುತ್ರ ಪೌತ್ರ ಪಾರಂಪರ್ಯವಾಗಿ ದಾನ, ವಿನಿಮಯ, ವಿಕ್ರಯಾದಿಗಳಿಗೆ ಯೋಗ್ಯವಾಗಿ ಅನುಭವಿಸಿಕೊಂಡು ಬರುವುದು." ಇದರಲ್ಲಿ ಷರತ್ತು ಎಲ್ಲಿದೆ? "ನೋಡಿಕೊಂಡು ಬರುತ್ತಿರುವುದರಿಂದ" ಎಂಬುದು ಹಿಂದಿನದಕ್ಕೆ ಕೊಟ್ಟ ಸರ್ಟಿಫಿಕೇಟ್. ಮುಂದೆ ನೋಡಿಕೊಳ್ಳಬೇಕು ಎಂಬ ಹೊಣೆ ಅದರಲ್ಲಿ ಇಲ್ಲ. ಕಂಪ್ಯೂಟರಿನಲ್ಲಿ ಹಳೆಯ ಪತ್ರದ ನಕಲು ತೆಗೆದು ಹೆಸರು, ಚೆಕ್ಕುಬಂದಿ ಬದಲಿಸಿ ಪ್ರಿಂಟ್ ಕೊಡುವ ಅಭ್ಯಾಸದಿಂದ ಇದೇ ಒಕ್ಕಣೆ ಊರೂರಲ್ಲೂ ಕಾಣುತ್ತದೆ.

2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು: ಷರತ್ತು ಇತ್ತು ಎಂದು ತೋರಿಸಬೇಕು, ಬರೀ ಪ್ರೀತಿಯಿಂದ ಕೊಟ್ಟದ್ದಕ್ಕೆ ಕಲಂ 23 ಹೊಂದುವುದಿಲ್ಲ. ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠವೂ 2023ರಲ್ಲಿ ಷರತ್ತಿಲ್ಲದ ದಾನಪತ್ರದ ವಿಷಯದಲ್ಲಿ ಇದೇ ನಿಲುವು ತಳೆಯಿತು. ಛಿಕಾರಾ ಪ್ರಕರಣದಲ್ಲಿ ಇದ್ದದ್ದು ಹಕ್ಕು ಖುಲಾಸೆ ಪತ್ರ, ಅಂದರೆ ಆಸ್ತಿಯಲ್ಲಿನ ತಮ್ಮ ಹಕ್ಕನ್ನು ಬಿಟ್ಟುಕೊಡುವ ಪತ್ರ. ಕಲಂ 23ರಲ್ಲಿ "ದಾನ ಅಥವಾ ಇತರ ರೀತಿ" ಎಂದಿರುವುದರಿಂದ ಖುಲಾಸೆ ಪತ್ರವನ್ನೂ ಇದರಡಿ ಪ್ರಶ್ನಿಸಬಹುದು, ಷರತ್ತಿನ ಪರೀಕ್ಷೆ ಅದಕ್ಕೂ ಉಂಟು.

2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಬಾಗಿಲು ಸ್ವಲ್ಪ ತೆರೆಯಿತು. ಮಧ್ಯಪ್ರದೇಶದ ಛತರ್‌ಪುರದ ಆ ತಾಯಿ 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಅದೇ ದಿನ ಮಗ, ಕೊನೆತನಕ ನೋಡಿಕೊಳ್ಳುತ್ತೇನೆ ಎಂದು ಬೇರೊಂದು ವಚನಪತ್ರಕ್ಕೆ ಸಹಿ ಹಾಕಿದ್ದ ಎಂಬುದು ತಾಯಿಯ ವಾದ. ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಎಂದ ಸುಪ್ರೀಂ ಕೋರ್ಟ್, ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿದು ಸ್ವಾಧೀನವನ್ನೂ ತಾಯಿಗೆ ಕೊಡಿಸಿತು. ಆದ್ದರಿಂದ ದಾನಪತ್ರದಲ್ಲಿ ಷರತ್ತು ಕಾಣದಿದ್ದರೆ ಅಲ್ಲಿಗೇ ಕೈಬಿಡಬೇಡಿ. ಅದೇ ಹೊತ್ತಿನಲ್ಲಿ ಬರೆದ ಕರಾರು, ಪಂಚಾಯಿತಿ ರಾಜಿಪತ್ರ, ಸಾಕ್ಷಿ ಸಹಿ ಇರುವ ಬಿಳಿ ಹಾಳೆ, ಏನಿದ್ದರೂ ಹುಡುಕಿ. ಬಾಯಿಮಾತಿನ ಭರವಸೆ ಮಾತ್ರ ಇದ್ದರೆ ಕೇಸು ತೆಳು ಎಂದೇ ನನ್ನ ಅಭಿಪ್ರಾಯ.

ಅರ್ಜಿ ಎಲ್ಲಿಗೆ? ಪೊಲೀಸ್ ಠಾಣೆಗೂ ಅಲ್ಲ, ಸಿವಿಲ್ ಕೋರ್ಟಿಗೂ ಅಲ್ಲ. ಎ.ಸಿ. ಕಚೇರಿಗೆ, ಅಂದರೆ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ನಿರ್ವಹಣಾ ನ್ಯಾಯಮಂಡಳಿಗೆ. ಹಿರಿಯರು ಈಗ ಇರುವ ಊರಿನಲ್ಲಿ, ಕೊನೆಯದಾಗಿ ವಾಸವಿದ್ದ ಊರಿನಲ್ಲಿ, ಅಥವಾ ಮಕ್ಕಳು ಇರುವಲ್ಲಿ ಹಾಕಬಹುದು. ಮಗಳ ಮನೆಗೆ ಬಂದು ಸೇರಿದ ತಾಯಿ ಅಲ್ಲಿಂದಲೇ ಅರ್ಜಿ ಕೊಡಬಹುದು, ಹಳೆಯ ಊರಿಗೆ ಅಲೆಯಬೇಕಿಲ್ಲ. ಹಾಸಿಗೆ ಹಿಡಿದವರ ಪರವಾಗಿ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಹಾಕಬಹುದು, ನ್ಯಾಯಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು. ಮಗ ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಮೂಲಕ ಸಮನ್ಸ್ ಕಳಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಅಲ್ಲಿಗೆ ಮುಟ್ಟಲು ಸಮಯ ಹಿಡಿಯುತ್ತದೆ ಎನ್ನುವುದು ಬೇರೆ ಮಾತು.

ಅರ್ಜಿಯಲ್ಲಿ ಏನು ಕೇಳುತ್ತೀರಿ ಎಂಬುದನ್ನು ಎರಡೆರಡು ಸಲ ನೋಡಿಕೊಳ್ಳಿ. "ಮಗ ನೋಡಿಕೊಳ್ಳುತ್ತಿಲ್ಲ, ನ್ಯಾಯ ಕೊಡಿಸಿ" ಎಂದು ಮೂರು ಪುಟ ಬರೆದು, ಕೊನೆಯಲ್ಲಿ ಜೀವನಾಂಶ ಮಾತ್ರ ಕೇಳಿದರೆ ಸಿಗುವುದೂ ಅಷ್ಟೇ. ಪತ್ರದ ನೋಂದಣಿ ಸಂಖ್ಯೆ, ದಿನಾಂಕ, ಯಾವ ಸಬ್‌ರಿಜಿಸ್ಟ್ರಾರ್ ಕಚೇರಿ ಎಂಬುದನ್ನು ಬರೆದು, ಕಲಂ 23(1)ರ ಅಡಿ ಅದನ್ನು ಅಸಿಂಧು ಎಂದು ಘೋಷಿಸಬೇಕು ಎಂದು ನೇರವಾಗಿ ಕೇಳಿ. ಸ್ವಾಧೀನವನ್ನು ಬೇರೆಯಾಗಿ ಕೇಳಿ. ತೀರ್ಮಾನ ಆಗುವವರೆಗೆ ಆಸ್ತಿ ಮಾರದಂತೆ, ಅಡವಿಡದಂತೆ ಮಧ್ಯಂತರ ಆದೇಶ ಕೇಳಿ. ಜೀವನಾಂಶ ಬೇಕಿದ್ದರೆ ಅದನ್ನೂ, ಅದರ ಮಧ್ಯಂತರ ಮೊತ್ತವನ್ನೂ ಕೇಳಿ. ಷರತ್ತು ಇರುವ ಸಾಲನ್ನು ಪತ್ರದಿಂದ ಎತ್ತಿ ಅರ್ಜಿಯಲ್ಲೇ ಬರೆಯಿರಿ, ಅಧಿಕಾರಿ ಹುಡುಕಿಕೊಳ್ಳಲಿ ಎಂದು ಬಿಡಬೇಡಿ.

ಷರತ್ತು ತಪ್ಪಿದ್ದಕ್ಕೆ ಪುರಾವೆ ಸಣ್ಣ ಸಣ್ಣ ಕಾಗದಗಳಲ್ಲಿ ಇರುತ್ತದೆ. ಆಸ್ಪತ್ರೆ ಬಿಲ್ ಯಾರ ಖಾತೆಯಿಂದ ಹೋಯಿತು, ಔಷಧಿ ಅಂಗಡಿಯ ಚೀಟಿ, ಪಿಂಚಣಿ ಪಾಸ್‌ಬುಕ್‌ನಲ್ಲಿ ಹಣ ಬಂದ ಮರುದಿನವೇ ಯಾರು ತೆಗೆದರು, ವಾಟ್ಸಾಪ್ ಸಂದೇಶ, ಅಕ್ಕಪಕ್ಕದವರ ಹೇಳಿಕೆ. ಹಿರಿಯರ ಸಹಾಯವಾಣಿ 14567ಕ್ಕೋ, ಬೆಂಗಳೂರಿನಲ್ಲಾದರೆ 1090ಕ್ಕೋ ದೂರು ಕೊಟ್ಟಿದ್ದರೆ ಅದರ ವಿವರ. "ಬಹಳ ಹಿಂಸೆ ಕೊಡುತ್ತಾರೆ" ಎನ್ನುವುದಕ್ಕಿಂತ "ಇಂಥ ತಿಂಗಳಿಂದ ಅಡುಗೆಮನೆಗೆ ಬೀಗ ಹಾಕಿದ್ದಾರೆ" ಎಂಬ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಅರ್ಜಿ ಕೊಟ್ಟ ಮೇಲೆ ಎದುರುದಾರರಿಗೆ ನೋಟಿಸ್ ಹೋಗುತ್ತದೆ. ವಿಷಯವನ್ನು ರಾಜಿ ಅಧಿಕಾರಿಗೆ ವಹಿಸಿದರೆ ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು. ಜೀವನಾಂಶದ ಅರ್ಜಿ ನೋಟಿಸ್ ತಲುಪಿದ 90 ದಿನಗಳಲ್ಲಿ ತೀರಬೇಕು, ವಿಶೇಷ ಕಾರಣವಿದ್ದರೆ ಒಂದು ಬಾರಿ 30 ದಿನ ವಿಸ್ತರಿಸಬಹುದು. ಎ.ಸಿ.ಗಳಿಗೆ ಚುನಾವಣೆ, ಭೂಸ್ವಾಧೀನ, ಪ್ರವಾಹ ಎಲ್ಲವೂ ಇರುವುದರಿಂದ ವಾಸ್ತವದಲ್ಲಿ ದಿನಾಂಕಗಳು ಮುಂದೆ ಹೋಗುತ್ತಲೇ ಇರುತ್ತವೆ. ಕಲಂ 17ರ ಪ್ರಕಾರ ಇಲ್ಲಿ ವಕೀಲರಿಗೆ ಅವಕಾಶವಿಲ್ಲ. ಆದರೆ ವಕೀಲರಿಗೆ ವಾದಿಸುವ ಹಕ್ಕು ಕೊಡುವ ವಕೀಲರ ಕಾಯ್ದೆಯ ಕಲಂ 30ರ ಮುಂದೆ ಆ ನಿರ್ಬಂಧ ನಿಲ್ಲದು ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿದ ಮೇಲೆ ಇದು ವಿವಾದದಲ್ಲಿದೆ. ಮಗ ವಕೀಲರೊಂದಿಗೆ ಬಂದರೆ ಗಾಬರಿಯಾಗಬೇಡಿ. ನಿಮಗೂ ನೆರವು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಜೀವನಾಂಶದ ಬಗ್ಗೆ ಎರಡು ಮಾತು. ಸ್ವಂತ ಸಂಪಾದನೆ, ಆಸ್ತಿಯಿಂದ ಬದುಕಲಾಗದವರಿಗೆ ಮಾತ್ರ ಅದು. ಕಲಂ 23ಕ್ಕೆ ಆ ನಿಬಂಧನೆ ಇಲ್ಲ, ಪಿಂಚಣಿ ಬರುವ ಮೇಷ್ಟ್ರೂ ದಾನಪತ್ರ ರದ್ದು ಕೇಳಬಹುದು. ಮೊತ್ತದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಆ ಮಿತಿ ಹೋಗಿದೆ, ಸೊಸೆ ಅಳಿಯಂದಿರೂ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ನಂಬಬೇಡಿ. ಅದು 2019ರ ತಿದ್ದುಪಡಿ ಮಸೂದೆಯಲ್ಲಿತ್ತು, 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಇನ್ನೊಂದು, ಒಬ್ಬ ಮಗನ ಮೇಲೆ ಅರ್ಜಿ ಹಾಕಿದರೆ ಅವನು ಅಕ್ಕತಂಗಿಯರನ್ನೂ ಪಕ್ಷಗಾರರಾಗಿ ಸೇರಿಸಬಹುದು. ಆಸ್ತಿ ಹಂಚುವಾಗ ನೆನಪಾಗದ ಅಕ್ಕತಂಗಿಯರು ಆಗ ನೆನಪಾಗುತ್ತಾರೆ.

ಇನ್ನು ಕೆಡುವುದು ಎಲ್ಲಿ? ಕೋಪದಲ್ಲಿ ತಂದೆಯೊಬ್ಬರೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ದಾನಪತ್ರದ ರದ್ದುಪತ್ರ ಬರೆಸಿ ಬರುವುದುಂಟು. ಮಗ ಒಪ್ಪಿ ಪಡೆದ ದಾನವನ್ನು ಹೀಗೆ ಏಕಪಕ್ಷೀಯವಾಗಿ ಹಿಂಪಡೆದರೆ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಖರ್ಚು ದಂಡ. ಎರಡನೆಯದು ತಡ. ಇ.ಸಿ. ತೆಗೆಸಿ ಎಂದದ್ದು ಇದಕ್ಕೇ. ಮಗ ಆಗಲೇ ಮೂರನೆಯವರಿಗೆ ಮಾರಿದ್ದರೆ ಅಥವಾ ಬ್ಯಾಂಕಿಗೆ ಅಡವಿಟ್ಟಿದ್ದರೆ, ಹಣ ಕೊಟ್ಟು ವಿಷಯ ತಿಳಿಯದೆ ಕೊಂಡವರನ್ನು ಎಬ್ಬಿಸುವುದು ಬಹಳ ಕಷ್ಟ. ಅಂಥವರನ್ನು ಅರ್ಜಿಯಲ್ಲಿ ಪಕ್ಷಗಾರರನ್ನಾಗಿ ಮಾಡದೆ ಆದೇಶ ಪಡೆದರೆ ಅದು ಹೈಕೋರ್ಟಿನಲ್ಲಿ ಬೀಳುವುದು ಇನ್ನೂ ಸುಲಭ.

ಮೂರನೆಯದು ಸೊಸೆಯ ಪ್ರಶ್ನೆ. ಮಗನೊಂದಿಗೆ ಸೊಸೆಯ ಜಗಳ, ಮನೆ ಅತ್ತೆ ಮಾವನ ಹೆಸರಲ್ಲಿ, ಸೊಸೆಯನ್ನು ಹೊರಹಾಕಲು ಈ ಕಾಯ್ದೆಯ ಅರ್ಜಿ. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಅಂಥ ಆದೇಶವನ್ನು ರದ್ದುಪಡಿಸಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಡುವ ವಾಸದ ಹಕ್ಕನ್ನು ಈ ಕಾಯ್ದೆಯಿಂದ ಅಳಿಸಲಾಗದು, ಎರಡನ್ನೂ ಹೊಂದಿಸಿ ನೋಡಬೇಕು ಎಂಬುದು ಅದರ ಸಾರ. ಹಿರಿಯರ ದೂರು ನಿಜವಾಗಿದ್ದರೂ, ಮಗನ ವಿಚ್ಛೇದನದ ಆಯುಧವಾಗಿ ಅರ್ಜಿ ಬಂದಿದೆ ಎಂಬ ಅನುಮಾನ ಅಧಿಕಾರಿಗೆ ಬಂದರೆ ಕೇಸು ಅಲ್ಲೇ ಸಡಿಲವಾಗುತ್ತದೆ.

ಷರತ್ತು ಎಲ್ಲೂ ಇಲ್ಲ ಎಂದಾದರೆ? ಸಹಿ ಮಾಡಿಸಿಕೊಳ್ಳುವಾಗಲೇ ಮೋಸ ಆಗಿದ್ದರೆ, ಉದಾಹರಣೆಗೆ ಬ್ಯಾಂಕ್ ಕೆಲಸ ಎಂದು ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿದ್ದರೆ, ಸಿವಿಲ್ ದಾವೆ ಹಾಕಬೇಕು. ಸಂಗತಿ ತಿಳಿದ ದಿನದಿಂದ ಮೂರು ವರ್ಷದೊಳಗೆ. ಹೊಡೆತ, ಬೈಗುಳ, ಮನೆಯಿಂದ ತಳ್ಳುವ ಬೆದರಿಕೆ ಇದ್ದರೆ ತಾಯಿ ಅದೇ 2005ರ ಕಾಯ್ದೆಯಡಿ ಮಗನ ವಿರುದ್ಧವೂ ಮ್ಯಾಜಿಸ್ಟ್ರೇಟರಲ್ಲಿ ರಕ್ಷಣಾದೇಶ, ವಾಸದ ಆದೇಶ ಕೇಳಬಹುದು. ಪೂರ್ತಿಯಾಗಿ ಕೈಬಿಡುವ ಉದ್ದೇಶದಿಂದ ಹಿರಿಯರನ್ನು ಎಲ್ಲೋ ಬಿಟ್ಟುಹೋದರೆ 2007ರ ಕಾಯ್ದೆಯ ಕಲಂ 24ರಡಿ ಅಪರಾಧ. 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನೂ ಸಿಗುತ್ತದೆ. ಆಸ್ಪತ್ರೆಗೆ ಸೇರಿಸಿ ಮಾಯವಾಗುವ ಮಕ್ಕಳ ಸಂಖ್ಯೆ ಕಂಡು 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಅಂಥವರ ಹೆಸರಿಗಾದ ಆಸ್ತಿ ವರ್ಗಾವಣೆ ರದ್ದತಿಗೆ ಕ್ರಮ ಕೈಗೊಳ್ಳಿ ಎಂದು ಸೂಚಿಸಿದ್ದರು. ಸೂಚನೆ ಒಳ್ಳೆಯದೇ. ಆದರೆ ಅಲ್ಲೂ ಪತ್ರದಲ್ಲಿ ಷರತ್ತು ಇದೆಯೇ ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಆದೇಶ ನಿಮ್ಮ ಪರವಾಗಿ ಬಂದ ಮೇಲೂ ಕೆಲಸ ಬಾಕಿ ಇದೆ. ಪ್ರತಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು ಇ.ಸಿ.ಯಲ್ಲಿ ಕಾಣುವಂತೆ ಮಾಡಿಸಿ. ನಿವೇಶನವಾದರೆ ಖಾತೆ, ಜಮೀನಾದರೆ ಪಹಣಿ ನಿಮ್ಮ ಹೆಸರಿಗೆ ಬರುವಂತೆ ಅರ್ಜಿ ಹಾಕಿ. ಅಲ್ಲಿಯವರೆಗೆ ದಾಖಲೆಯಲ್ಲಿ ಮಾಲೀಕ ಮಗನೇ. ಮಗ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ತಡೆಯಾಜ್ಞೆ ತರಬಹುದು ಎನಿಸಿದರೆ ಅಲ್ಲಿ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮನವಿ, ಹಾಕಿಸಿಡಿ. ಆದೇಶ ವಿರುದ್ಧವಾದರೆ ಡಿ.ಸಿ.ಯವರ ಮೇಲ್ಮನವಿ ನ್ಯಾಯಮಂಡಳಿಗೆ 60 ದಿನಗಳೊಳಗೆ ಹೋಗಬೇಕು.

ಇನ್ನೂ ಸಹಿ ಹಾಕದವರಿಗೆ: ಬರೆದುಕೊಡಲೇಬೇಕೆಂಬ ಅವಸರ ಇಲ್ಲದಿದ್ದರೆ ಉಯಿಲು ಮಾಡಿ. ಬದುಕಿರುವಷ್ಟು ದಿನ ಆಸ್ತಿ ನಿಮ್ಮದೇ, ಬೇಕಾದಾಗ ಬದಲಿಸಬಹುದು. ಮಗ ಮನೆ ಸಾಲ ತೆಗೆಯಬೇಕು, ಕಟ್ಟಬೇಕು ಎಂಬ ಕಾರಣಕ್ಕೆ ದಾನಪತ್ರವೇ ಬೇಕೆಂದರೆ, ಕೊನೆಯ ಪ್ಯಾರಾಕ್ಕೆ ಮೊದಲು ಇದನ್ನು ಸೇರಿಸಲು ಹೇಳಿ: "ದಾನ ಪಡೆದ ನೀವು ನನಗೂ ನನ್ನ ಪತ್ನಿಗೂ ನಮ್ಮ ಜೀವಿತಾವಧಿಯವರೆಗೆ ಊಟ, ಬಟ್ಟೆ, ಔಷಧೋಪಚಾರ ಹಾಗೂ ಇದೇ ಮನೆಯಲ್ಲಿ ವಾಸದ ಅನುಕೂಲ ಒದಗಿಸತಕ್ಕದ್ದು. ಈ ಷರತ್ತಿಗೆ ಒಳಪಟ್ಟೇ ದಾನ ಮಾಡಿರುತ್ತೇನೆ. ಇದಕ್ಕೆ ತಪ್ಪಿದಲ್ಲಿ 2007ರ ಕಾಯ್ದೆಯ ಕಲಂ 23ರಂತೆ ಈ ಪತ್ರವನ್ನು ಅಸಿಂಧುಗೊಳಿಸಿಕೊಳ್ಳುವ ಹಕ್ಕು ನನಗಿರುತ್ತದೆ." ಜೀವಿತಾವಧಿ ವಾಸದ ಹಕ್ಕನ್ನಷ್ಟೇ ಇಟ್ಟುಕೊಂಡರೆ ಸಾಲದು, ಮನೆಯಲ್ಲಿರುವ ಹಕ್ಕು ಬೇರೆ, ನೋಡಿಕೊಳ್ಳಬೇಕಾದ ಹೊಣೆ ಬೇರೆ. ಪತ್ರಬರಹಗಾರರು "ಇದೆಲ್ಲ ಯಾಕೆ ಯಜಮಾನ್ರೇ, ಮಗನೇ ತಾನೇ" ಎನ್ನುತ್ತಾರೆ. ಸೇರಿಸಿದ ಮೇಲೆಯೇ ಸಹಿ ಹಾಕಿ.